ವಿಷ ಸೇವನೆಗೆ ಅಂತರ್ಜಾಲದ ಸಲಹೆ: ನಮ್ಮಲ್ಲಿ ಎಷ್ಟು ಉಪಯುಕ್ತ?

ಮಗು ಆಕಸ್ಮಿಕವಾಗಿ ಮಾತ್ರೆಯನ್ನೋ ಫಿನಾಯಿಲನ್ನೋ ನುಂಗಿದಾಗ ಇಂದು ಅನೇಕ ಹೆತ್ತವರು ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲನ್ನು. ಅಲ್ಲಿ ದೊರೆಯುವ ಉತ್ತರವನ್ನು ಎಷ್ಟು ನಂಬಬಹುದು?

ಈ ವಿಷಯದಲ್ಲಿ ಅಮೆರಿಕದ ಅನುಭವ ಗಮನಾರ್ಹ. ಅಲ್ಲಿ ಮೊದಲ ವಿಷ ಮಾಹಿತಿ ಕೇಂದ್ರ 1953ರಲ್ಲಿ ಶಿಕಾಗೋದಲ್ಲಿ ಆರಂಭವಾಯಿತು. ದಶಕಗಳ ಕಾಲ ದೂರವಾಣಿಯಲ್ಲೇ ಸಲಹೆ ನೀಡಲಾಗುತ್ತಿತ್ತು. 2014-15ರ ಸುಮಾರಿಗೆ ವಾಷಿಂಗ್ಟನ್‌ನ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ 'ವೆಬ್ ಪಾಯ್ಸನ್ ಕಂಟ್ರೋಲ್' ಎಂಬ ಸ್ವಯಂಚಾಲಿತ ಸೇವೆಯನ್ನು ಜಾರಿಗೆ ತಂದಿತು. ವಯಸ್ಸು, ತೂಕ, ನುಂಗಿದ ವಸ್ತು, ಪ್ರಮಾಣ ತಿಳಿಸಿದರೆ ಮನೆಯಲ್ಲೇ ಇರಬಹುದೇ, ಆಸ್ಪತ್ರೆಗೆ ಹೋಗಬೇಕೇ ಎಂದು ಅದು ಹೇಳುತ್ತದೆ. ಆದರೆ ರೋಗಲಕ್ಷಣ ಕಾಣಿಸಿಕೊಂಡಿದ್ದರೆ, ಗರ್ಭಿಣಿಯಾಗಿದ್ದರೆ, ಒಂದಕ್ಕಿಂತ ಹೆಚ್ಚು ವಸ್ತು ಸೇವಿಸಿದ್ದರೆ ಅದು ಉತ್ತರಿಸಲು ಹೋಗದೆ ತಜ್ಞರಿಗೆ ಕರೆಮಾಡಲು ಸೂಚಿಸುತ್ತದೆ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಗುಣ ಇದೇ. ಏನು ಕೇಳಿದರೂ ಉತ್ತರ ಕೊಡಲು ಮುಂದಾಗುವ ಚಾಟ್‌ಬಾಟ್‌ಗಳಲ್ಲಿ ಇಂಥ ಕಟ್ಟುನಿಟ್ಟು ಅಪರೂಪ.

ಆ ಸೇವೆ ನಿಂತಿರುವುದು ಲೇಬಲ್ ಮೇಲೆ. ನಮ್ಮ ಕರಾವಳಿಯಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಹಳೆಯ ತಂಪುಪಾನೀಯದ ಬಾಟಲಿಯಲ್ಲಿದ್ದರೆ, ಅಡಿಕೆ ತೋಟದ ಮೈಲುತುತ್ತು ಹೆಸರಿಲ್ಲದ ಡಬ್ಬದಲ್ಲಿದ್ದರೆ ಯಂತ್ರಕ್ಕೆ ಏನೆಂದು ಹೇಳುವುದು? ಹಳದಿ ರಂಜಕವಿರುವ ಇಲಿ ಪಾಷಾಣವಂತೂ ಇನ್ನೂ ಮೋಸದ್ದು. ಮೊದಲ ದಿನದ ವಾಂತಿ ನಿಂತು ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಕೆಲದಿನಗಳಲ್ಲಿ ಯಕೃತ್ತು ಕುಸಿಯುತ್ತದೆ. 'ಈಗ ಹುಷಾರಾಗಿದ್ದಾನಲ್ಲ' ಎಂದು ಮನೆಯಲ್ಲಿ ಉಳಿಸಿಕೊಳ್ಳುವಂತಿಲ್ಲ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಅಭ್ಯಾಸವೂ ಅಪಾಯಕಾರಿ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು, ಆಸಿಡ್ ಗಂಟಲನ್ನು ಎರಡನೇ ಬಾರಿ ಸುಡುತ್ತದೆ. ಅಮೆರಿಕದಲ್ಲೂ ವಾಂತಿ ಮಾಡಿಸಲು ಇಪೆಕಾಕ್ ಸಿರಪ್ ಮನೆಮನೆಯಲ್ಲಿತ್ತು. ಅದನ್ನು ಮನೆಯಲ್ಲಿ ಬಳಸಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲಿ ಹೇಳಿತು. ಹಳೆಯ ಸಲಹೆ ಮಾತ್ರ ಅಂತರ್ಜಾಲದಿಂದ ಅಷ್ಟು ಬೇಗ ಅಳಿಯುವುದಿಲ್ಲ.

ನಮ್ಮ ದೇಶದಲ್ಲೂ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ (ಏಮ್ಸ್) 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದ್ದು, 1800 116 117 ಶುಲ್ಕರಹಿತ ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಸಲಹೆ ನೀಡುತ್ತದೆ. ಪ್ರಜ್ಞೆ ತಪ್ಪಿದ್ದರೆ, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ನೇರವಾಗಿ 108ಕ್ಕೆ ಕರೆಮಾಡಬೇಕು. ಆಸ್ಪತ್ರೆಗೆ ಹೊರಡುವಾಗ ಆ ಬಾಟಲಿಯೋ ಮಾತ್ರೆಯ ಪಟ್ಟಿಯೋ ಜತೆಗಿರಲಿ. ವೈದ್ಯರು ಮೊದಲು ಕೇಳುವುದು ಅದನ್ನೇ.