ಬಿಡಿಭಾಗ ಜೋಡಿಸಿದರೆ ಸಾಲದು, ಪರೀಕ್ಷಿಸುವುದನ್ನೂ ಕಲಿಯಬೇಕು



ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ದೇಶದಲ್ಲೇ ತಯಾರಿಸುವ 22,919 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಹೊಸೂರಿನ ಸುತ್ತ ಮೊಬೈಲ್ ಬಿಡಿಭಾಗಗಳ, ವಿದ್ಯುತ್ ಸ್ಕೂಟರ್‌ಗಳ ಕಾರ್ಖಾನೆಗಳು ಆಗಲೇ ಬಂದಿವೆ. ನಮ್ಮ ಮನೆಯ ಮಕ್ಕಳು ಬೆಳಗಾದರೆ ಕಂಪನಿ ಬಸ್ಸು ಹತ್ತುತ್ತಾರೆ. ಸಂತೋಷವೇ. ಆದರೆ ನಾನು ಬಲ್ಲ ಹೆಚ್ಚಿನವರಿಗೆ ಸಿಕ್ಕಿರುವುದು ಜೋಡಿಸುವ ಗುತ್ತಿಗೆ ಕೆಲಸ. ಯಂತ್ರ ಬದಲಾದರೆ ಆ ಕೆಲಸವೂ ಹೋಗುತ್ತದೆ.

ನಿಲ್ಲುವ ಕೆಲಸ ಇರುವುದು ವಿನ್ಯಾಸ ಮತ್ತು ಪರೀಕ್ಷೆಯಲ್ಲಿ. ಒಂದು ಬಿಡಿಭಾಗವನ್ನು ಕಾಯಿಸಿ, ತಣಿಸಿ, ಅಲುಗಿಸಿ, ಹೆಚ್ಚು ವೋಲ್ಟೇಜ್ ಕೊಟ್ಟು, ಎಲ್ಲಿ ಸೋಲುತ್ತದೆಂದು ನೋಡುವುದೇ ಪರೀಕ್ಷೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಟ್ರಾನ್ಸ್‌ಫಾರ್ಮರ್, ಕೇಬಲ್‌ಗಳಂಥ ವಿದ್ಯುತ್ ಉಪಕರಣಗಳಿಗೆ ಇಂಥ ಕೆಲಸ ಮಾಡುತ್ತಾ ಬಂದಿದೆ.

ಬೆಳಕನ್ನು ವಿದ್ಯುತ್ತಿಗೆ ಬೆಸೆಯುವ ಉಪಕರಣಗಳಿಗೆ ಪೀಣ್ಯದಲ್ಲಿ ಇಸ್ರೋದ ಲಿಯೋಸ್ ಪ್ರಯೋಗಾಲಯವಿದೆ. ಆರ್ಯಭಟ ಉಪಗ್ರಹ ಸಿದ್ಧವಾದ ಜಾಗವದು. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿದ್ದ ಲಿಬ್ಸ್ ಉಪಕರಣ ರೂಪುಗೊಂಡದ್ದು ಅಲ್ಲೇ. ಲೇಸರ್ ಕಿರಣ ಚಂದ್ರನ ಮಣ್ಣಿಗೆ ತಾಗಿದಾಗ ಹೊಮ್ಮುವ ಬೆಳಕಿನಿಂದ ಅದು 2023ರ ಆಗಸ್ಟ್‌ನಲ್ಲಿ ಗಂಧಕವನ್ನು ಗುರುತಿಸಿತು. ಅಲ್ಲಿ ಕೆಟ್ಟರೆ ರಿಪೇರಿಗೆ ಯಾರೂ ಹೋಗಲಾಗದು. ಆದ್ದರಿಂದ ಸೋಲುವುದಿದ್ದರೆ ಭೂಮಿಯ ಮೇಲೇ ಸೋಲಬೇಕು.

ನಾನು ಗುಮಾಸ್ತನಾಗಿ ನಿವೃತ್ತನಾದವನು. ತಾರೀಖು, ಸಹಿ ಇಲ್ಲದ ಕಾಗದಕ್ಕೆ ಬೆಲೆಯಿಲ್ಲವೆಂದು ಬಲ್ಲೆ. ಪರೀಕ್ಷಾಲಯದಲ್ಲೂ ಹಾಗೆಯೇ. ಅಳತೆಯ ಉಪಕರಣವನ್ನು ಯಾವಾಗ ಸರಿನೋಡಿದರು, ಯಾರು ಅಳೆದರು ಎಂಬ ದಾಖಲೆ ಇಲ್ಲದಿದ್ದರೆ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. ಇದಕ್ಕೆ ದೊಡ್ಡ ಪದವಿಯೇ ಬೇಕೆಂದಿಲ್ಲ. ಐಟಿಐ, ಡಿಪ್ಲೊಮಾ ಓದಿದವರೂ ಶ್ರದ್ಧೆಯಿದ್ದರೆ ಕಲಿಯಬಹುದು.

ಗಡಿಯಾಚೆ ಇದ್ದೇವೆಂಬ ಕೊರಗು ನಮಗಿದೆ. ಆದರೆ ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್ ಅಷ್ಟೆ. ಮಕ್ಕಳಿಗೆ ದಾರಿ ತೋರಿಸುವವರು ಬೇಕು. ಪರೀಕ್ಷಾ ವಿಭಾಗಗಳಲ್ಲಿ ದುಡಿದ ಸದಸ್ಯರು ಯಾವ ಊರಿನಲ್ಲೇ ಇರಲಿ, ದಯವಿಟ್ಟು ಸಂಘಕ್ಕೆ ತಿಳಿಸಿ. ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಕೂರಿಸಿ, ಕನ್ನಡದಲ್ಲೇ ಒಂದು ಮಧ್ಯಾಹ್ನ ಮಾತಾಡಿಸೋಣ. ಕುರ್ಚಿ, ಕಾಫಿಯ ಜವಾಬ್ದಾರಿ ನನ್ನದು.

ಇಂತಿ,
ಕಾರ್ಯದರ್ಶಿ