ಊರಿನ ಪಾಳು ಜಾಗಕ್ಕೆ ನಾಲ್ಕು ಕಿಲೋ ಮೇವಿನ ಬೀಜ

ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯ ಕನ್ನಡ ಬಂಧುಗಳೇ,

ಮೇ ರಜೆಗೆ ಊರಿನ ಟಿಕೆಟ್ ತೆಗೆಸಿರುತ್ತೀರಿ. ಅಲ್ಲಿ ನಿಮ್ಮಲ್ಲಿ ಹಲವರ ಹೆಸರಿನಲ್ಲಿ ಎಕರೆಯೋ ಎರಡೆಕರೆಯೋ ಪಾಳು ಬಿದ್ದಿದೆ. ಕರಾವಳಿಯವರಿಗೆ ಮುರಕಲ್ಲಿನ ಗುಡ್ಡೆ, ಬಯಲುಸೀಮೆಯವರಿಗೆ ಕೆಂಪು ಗರಸು ಹೊಲ. ಪಕ್ಕದ ಮನೆಯ ಹಸುವಿಗೆ ಮಾತ್ರ ಬರೀ ಒಣಹುಲ್ಲು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ. 3–4ರಷ್ಟೇ; ಉಳಿದದ್ದಕ್ಕೆ ಹಿಂಡಿ ಕೊಳ್ಳಬೇಕು.

ಆ ಜಾಗದಲ್ಲಿ ಸ್ಟೈಲೋ ಬಿತ್ತಿಸಿ.

ದಕ್ಷಿಣ ಅಮೆರಿಕ, ಕೆರಿಬಿಯನ್ ಕಡೆಯ ಈ ದ್ವಿದಳ ಮೇವಿಗೆ ಬಡ ಮಣ್ಣು, ಮಳೆನೀರು ಸಾಕು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವುದರಿಂದ ಯೂರಿಯಾ ಬೇಡ. ಪ್ರೋಟೀನ್ ಶೇ. 12ರಿಂದ 18. ಸ್ಟೈಲೋದಲ್ಲಿ ಹಲವು ಜಾತಿಗಳಿವೆ: ಒಣ ಕೆಂಪು ನೆಲಕ್ಕೆ ಹಮಾಟ, ಮಳೆ ಹೆಚ್ಚಿರುವಲ್ಲಿ ಗಯಾನೆನ್ಸಿಸ್, ಜಿಗುಟು ಮಣ್ಣಿಗೆ ಸೀಬ್ರಾನ ಹೊಂದುತ್ತದೆ. ಸಿಕ್ಕ ಬೀಜ ತರಬೇಡಿ, ರೋಗ ತಡೆಯುವ ತಳಿಯನ್ನೇ ಕೇಳಿ: 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸ್ಟೈಲೋ ಹುಲ್ಲುಗಾವಲುಗಳನ್ನು ಚಿಬ್ಬು ರೋಗ ನೆಲಕಚ್ಚಿಸಿತ್ತು. ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಧಾರವಾಡದಲ್ಲೇ ಇದೆ. ನಿಮ್ಮ ಮಣ್ಣಿಗೆ ಯಾವುದು ಸರಿ ಎಂದು ಅಲ್ಲಿ ವಿಚಾರಿಸಿ.

ಎಕರೆಗೆ 3–4 ಕಿಲೋ ಬೀಜ ಬೇಕು. ಸಿಪ್ಪೆ ಗಟ್ಟಿ, ಹಾಗೇ ಎರಚಿದರೆ ಅರ್ಧಕ್ಕರ್ಧ ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಮುಂಗಾರು ಹಿಡಿದ ಮೇಲೆ ಎರಚಿ, ಮುಳ್ಳಿನ ಕೊಂಬೆ ಎಳೆದರಾಯಿತು. ಒಂದು ಸೆಂಟಿಮೀಟರಿಗಿಂತ ಆಳ ಬೇಡ. ಮೊದಲ ತಿಂಗಳುಗಳಲ್ಲಿ ಗಿಡ ನಿಧಾನ. ಆಗ ಕಳೆ ಕೀಳಬೇಕು, ದನ ಬಿಡಬಾರದು. ಹೂ ಬಿಟ್ಟಾಗ ಮೊದಲ ಕೊಯ್ಲು. ಒಂದಷ್ಟು ಗಿಡ ಬೀಜಕ್ಕೆ ಬಿಟ್ಟರೆ ಮುಂದಿನ ಮಳೆಗೆ ತಾನೇ ಹುಟ್ಟುತ್ತದೆ.

ಮಳೆಗಾಲಕ್ಕೆ ನೀವು ಊರಲ್ಲಿರುವುದಿಲ್ಲ, ಈ ಕೆಲಸ ನೆರೆಯವರೇ ಮಾಡಬೇಕು. ಆದರೆ 'ಬೇರೆಯವರ ಕೈಗೆ ಕೊಟ್ಟರೆ ಜಾಗ ಹೋದೀತು' ಎಂಬ ಅಳುಕು 1974ರ ಭೂಸುಧಾರಣೆಯನ್ನು ಕಂಡ ಮನೆಗಳಲ್ಲಿ ಇನ್ನೂ ಇದೆ. ಗೇಣಿಯ ಮಾತೇ ಬೇಡ. ಬಿತ್ತನೆಯ ಖರ್ಚು ನೀವು ಕೊಡಿ, ಮೇವು ಮಾತ್ರ ನೆರೆಯವರು ಕೊಯ್ಯಲಿ. ಗೊತ್ತಿರುವ ವಕೀಲರನ್ನು ಕೇಳಿ, ಒಪ್ಪಂದ ಕಾಗದದ ಮೇಲಿರಲಿ.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ಏಪ್ರಿಲ್‌ನ ಸಭೆಯಲ್ಲೇ ಯಾರಿಗೆಷ್ಟು ಬೀಜ ಬೇಕೆಂದು ಪಟ್ಟಿ ಮಾಡಿ, ಒಟ್ಟಿಗೇ ತರಿಸಿ. ಜೂನ್ ಬಂದ ಮೇಲೆ ಹುಡುಕಿದರೆ ಆ ವರ್ಷದ ಮಳೆ ಕೈತಪ್ಪುತ್ತದೆ.