ದುರ್ಗದ ಇನ್ನೊಂದು ಹೆಸರು ಹೊತ್ತ ಆನೆ ಕಾಸು

ಮಕ್ಕಳೇ, ಈ ವಾರ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಮ್ಮ ಚಿತ್ರದುರ್ಗಕ್ಕೆ ಎಷ್ಟು ಹೆಸರುಗಳಿವೆ?

ಹಿರಿಯೂರು, ಹೊಳಲ್ಕೆರೆ ಕಡೆಯ ಅಜ್ಜ ಅಜ್ಜಿಯರಿಗೆ ಅದು ಬರೀ ‘ದುರ್ಗ’. ಬ್ರಿಟಿಷರ ಕಾಗದಪತ್ರಗಳಲ್ಲಿ ‘ಚಿತಲ್‌ಡ್ರೂಗ್’. ಇವೆರಡರ ಜೊತೆಗೆ ಈಗ ಯಾರ ಬಾಯಲ್ಲೂ ಇಲ್ಲದ ಮೂರನೆಯದೊಂದಿದೆ: ‘ಫರುಖ್‌ಯಾಬ್ ಹಿಸಾರ್’. ಇದು ಪಾರಸಿ ಹೆಸರು. ಶುಭವನ್ನು ಪಡೆದ ಕೋಟೆ ಎಂದು ಅರ್ಥ ಹೇಳಬಹುದು. ಈ ಹೆಸರು ಇವತ್ತಿಗೂ ಉಳಿದಿರುವುದು ತಾಮ್ರದ ಕಾಸಿನ ಬೆನ್ನ ಮೇಲೆ.

1779ರಲ್ಲಿ ಮದಕರಿ ನಾಯಕನಿಂದ ದುರ್ಗ ಹೈದರಾಲಿಯ ಕೈಗೆ ಹೋಯಿತು. 1782ರಲ್ಲಿ ಹೈದರ್ ತೀರಿಕೊಂಡ ಮೇಲೆ ಟಿಪ್ಪು ಪಟ್ಟಕ್ಕೆ ಬಂದ. ಅವನು ತನ್ನ ಊರುಗಳಿಗೆ ಹೊಸ ಹೆಸರು ಕೊಟ್ಟ, ಅನೇಕ ಕಡೆ ಟಂಕಸಾಲೆ ನಡೆಸಿದ. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಗುತ್ತಿ, ಕಲ್ಲಿಕೋಟೆಗಳಂತೆ ದುರ್ಗದಲ್ಲೂ ನಾಣ್ಯ ತಯಾರಾಯಿತು. ಕಾಸಿನ ಒಂದು ಕಡೆ ಆನೆ, ಇನ್ನೊಂದು ಕಡೆ ‘ಇಂಥ ಊರಿನಲ್ಲಿ ಹೊಡೆದದ್ದು’ ಎಂಬ ಪಾರಸಿ ಬರಹ. ಈಗಲೂ ಕೋಟೆ ನೋಡಲು ಹೋದರೆ ಎತ್ತರದ ಮಣ್ಣಿನ ಗೋಡೆಗಳನ್ನು ತೋರಿಸಿ ‘ಇದು ಟಂಕಸಾಲೆ’ ಎನ್ನುತ್ತಾರೆ.

‘ಹೊಡೆದದ್ದು’ ಎಂದದ್ದು ಸುಮ್ಮನೆ ಅಲ್ಲ. ಆಗ ನಾಣ್ಯವನ್ನು ನಿಜವಾಗಿಯೂ ಹೊಡೆದೇ ಮಾಡುತ್ತಿದ್ದರು. ಕೆಳಗೊಂದು ಅಚ್ಚು, ಅದರ ಮೇಲೆ ತೂಕ ನೋಡಿ ಇಟ್ಟ ತಾಮ್ರದ ಬಿಲ್ಲೆ, ಅದರ ಮೇಲೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು. ಮೇಲಿಂದ ಸುತ್ತಿಗೆಯ ಒಂದು ಪೆಟ್ಟು. ಕೈ ಕೊಂಚ ಅಲುಗಿದರೆ ಆನೆಯ ಸೊಂಡಿಲು ಅಂಚಿನಾಚೆ ಹೋಯಿತು, ಇಲ್ಲವೇ ಊರಿನ ಹೆಸರು ಅರ್ಧವಾಯಿತು. ಆದ್ದರಿಂದ ಒಂದು ಕಾಸಿನಂತೆ ಇನ್ನೊಂದು ಇರುವುದಿಲ್ಲ.

ಈ ಕಾಸುಗಳಿಗೆ ಟಿಪ್ಪು ಇಟ್ಟ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಒಂದು ಪೈಸೆಗೆ ‘ಜುಹ್ರಾ’, ಅಂದರೆ ಶುಕ್ರ ಗ್ರಹ. ಅರ್ಧ ಪೈಸೆಗೆ ‘ಬಹ್ರಾಮ್’, ಅದು ಮಂಗಳ. ಕಾಲು ಪೈಸೆಗೆ ‘ಅಖ್ತರ್’, ಅಂದರೆ ನಕ್ಷತ್ರ. ಅದರಲ್ಲೂ ಅರ್ಧಕ್ಕೆ ‘ಕುತ್ಬ್’, ಅದು ಧ್ರುವ ನಕ್ಷತ್ರ. ಎರಡು ಪೈಸೆಯ ದೊಡ್ಡ ಬಿಲ್ಲೆಗೆ ಕೊನೆಯ ವರ್ಷಗಳಲ್ಲಿ ‘ಮುಷ್ತರಿ’ ಎಂದು ಹೆಸರು ಬಂತು. ಅದು ಗುರು ಗ್ರಹ. ಸಂತೆಗೆ ಹೋದವನ ಸೊಂಟದ ಚೀಲದಲ್ಲಿ ಆಕಾಶವೇ ಇರುತ್ತಿತ್ತು ಅನ್ನಿ!

ಪೈಸೆಯ ತೂಕ ಸುಮಾರು 11 ಗ್ರಾಂ. 2011ರ ಮಾದರಿಯ ಒಂದು ರೂಪಾಯಿ ನಾಣ್ಯ ಮೂರನ್ನು ಅಂಗೈಯಲ್ಲಿಟ್ಟುಕೊಳ್ಳಿ, ಹೆಚ್ಚು ಕಡಿಮೆ ಅಷ್ಟೇ ಭಾರ. ಇಷ್ಟು ತಾಮ್ರ ಏಕೆ? ಆಗ ಕಾಸಿನ ಬೆಲೆ ಅದರೊಳಗಿನ ಲೋಹದಲ್ಲೇ ಇತ್ತು. ನಮ್ಮಲ್ಲಷ್ಟೇ ಅಲ್ಲ, ಹೊಸದಾಗಿ ಸ್ವತಂತ್ರವಾದ ಅಮೆರಿಕದಲ್ಲೂ ಹಾಗೆಯೇ. ಆ ದೇಶ 1792ರಲ್ಲಿ ಕಾನೂನು ಮಾಡಿ ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಕಟ್ಟಿತು, 1793ರಲ್ಲಿ ತಾಮ್ರದ ‘ಸೆಂಟ್’ ಹೊರಡಿಸಿತು. ಅದರ ತೂಕ ಹದಿಮೂರೂವರೆ ಗ್ರಾಂ. ಮೊದಲ ಸೆಂಟಿನ ಹಿಂದೆ 15 ರಾಜ್ಯಗಳ ಒಗ್ಗಟ್ಟು ತೋರಿಸಲು 15 ಕೊಂಡಿಯ ಸರಪಳಿ ಇತ್ತು. ‘ಸ್ವಾತಂತ್ರ್ಯ ಬಂದ ದೇಶದ ನಾಣ್ಯಕ್ಕೆ ಸರಪಳಿಯೇ?’ ಎಂದು ಜನ ಮುಖ ಸಿಂಡರಿಸಿದರು. ಅದೇ ವರ್ಷ ಸರಪಳಿ ತೆಗೆದು ಎಲೆಯ ಹಾರ ಹಾಕಿದರು. ಅಲ್ಲಿ ಆ ಸೆಂಟ್ ಬಂದ ಕಾಲಕ್ಕೆ ನಮ್ಮ ಸೀಮೆಯ ಸಂತೆಗಳಲ್ಲಿ ಆನೆ ಕಾಸು ಓಡಾಡುತ್ತಿತ್ತು.

ಆ ಸೆಂಟನ್ನು ಈಗ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ನಮ್ಮ ಆನೆ ಕಾಸಿನ ಗತಿ?

ನಾನು ಹೊಸದುರ್ಗದ ಶಾಖೆಯಲ್ಲಿ ಕ್ಯಾಶ್ ನೋಡುತ್ತಿದ್ದಾಗ ವಯಸ್ಸಾದ ಒಬ್ಬ ಹೆಣ್ಣುಮಗಳು ಬಟ್ಟೆಗಂಟು ಬಿಚ್ಚಿ ಇಪ್ಪತ್ತು ಮೂವತ್ತು ಆನೆ ಕಾಸು ಸುರಿದರು. ‘ಇವಕ್ಕೆ ನೋಟು ಕೊಡಿ ಸಾಮಿ’ ಎಂದರು. ಬ್ಯಾಂಕಿನಲ್ಲಿ ಅದಕ್ಕೆ ದಾರಿ ಇರಲಿಲ್ಲ. ‘ಅಜ್ಜಿ, ಇವು ಹಳೇ ಕಾಲದವು, ಮಾರಬೇಡಿ, ಮನೆಯಲ್ಲಿಡಿ’ ಎಂದೆ. ಅವರು ನನ್ನ ಮುಖ ನೋಡಿ, ‘ಮೊಮ್ಮಗನ ಸ್ಕೂಲಿಗೆ ದುಡ್ಡು ಕಟ್ಟಬೇಕು. ಈ ಆನೆ ಕಟ್ತದೇನು?’ ಎಂದು ಕೇಳಿದರು. ಮುಂದಿನ ಸಂತೆಯ ದಿನ ಅವು ಗುಜರಿಯವನ ತಕ್ಕಡಿ ಏರಿದವು. ಅವರನ್ನು ನಾನು ದೂರುವುದಿಲ್ಲ. ಕಷ್ಟ ಬಂದಾಗ ತಾಮ್ರ ತಾಮ್ರವೇ. ಆದರೆ ಆ ಗಂಟಿನಲ್ಲಿ ಯಾವ ಯಾವ ಊರಿನ ಹೆಸರಿತ್ತೋ ಓದುವ ಮೊದಲೇ ಕುಲುಮೆಗೆ ಹೋಯಿತು.

ಆದ್ದರಿಂದ, ಅಂಥ ಕಷ್ಟವಿಲ್ಲದ ಮನೆಯ ಹಿರಿಯರಿಗೆ ನನ್ನದೊಂದು ವಿನಂತಿ. ದೇವರ ಪೆಟ್ಟಿಗೆಯಲ್ಲೋ ಎಲೆಅಡಿಕೆ ಚೀಲದಲ್ಲೋ ಆನೆ ಕಾಸು ಇದ್ದರೆ ಮೊಮ್ಮಕ್ಕಳ ಮುಂದೆ ತೆಗೆಯಿರಿ. ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ. ಚೊಂಬು ಹೊಳೆದರೆ ಚೆಂದ, ಕಾಸು ಹೊಳೆದರೆ ಅಕ್ಷರ ಸವೆಯುತ್ತದೆ. ಒಣಬಟ್ಟೆ ಸಾಕು. ಆನೆಯ ಜೊತೆ ಕನ್ನಡದ ‘ಶ್ರೀ’ ಕಂಡರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಪಾರಸಿ ಮಾತ್ರ ಇದ್ದರೆ ಬಹುಮಟ್ಟಿಗೆ ಟಿಪ್ಪುವಿನದು. ಎರಡೂ ಮುಖದ ಚಿತ್ರ ಬರೆದು, ತೂಕ ಬರೆದು, ಯಾರಿಂದ ಬಂತು ಎಂದು ಬರೆದು, ಕಾಗದದ ಲಕೋಟೆಯಲ್ಲಿಡಿ. ಪಾರಸಿ ಅಥವಾ ಉರ್ದು ಬಲ್ಲ ಮೇಷ್ಟ್ರ ಹತ್ತಿರ ಊರಿನ ಹೆಸರು ಓದಿಸಿ.

ಹೊಲ ಉಳುವಾಗ, ಪಾಯ ತೋಡುವಾಗ ನೆಲದಲ್ಲಿ ಸಿಕ್ಕಿದ್ದರೆ ಮಾತು ಬೇರೆ. 1962ರ ಕರ್ನಾಟಕ ನಿಧಿ ಕಾಯಿದೆಯ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಇನ್ನೊಂದು ಎಚ್ಚರಿಕೆ. ‘ನಿಮ್ಮ ಹಳೇ ಕಾಸಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ಮೋಸ ಮಾಡುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಮಕ್ಕಳೇ, ಕೊನೆಗೊಂದು ಲೆಕ್ಕ. ಟಿಪ್ಪು 1787ರ ಹೊತ್ತಿಗೆ ಹೊಸ ವರ್ಷಗಣನೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹಾಗೆ ಓದಿ ಬಂದ ಸಂಖ್ಯೆಗೆ 572 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಒಂದು ಕಾಸಿನ ಮೇಲೆ ಎಡದಿಂದ 8, 1, 2, 1 ಎಂಬ ಅಂಕಿಗಳಿವೆ. ಆ ಕಾಸು ಯಾವ ಇಸವಿಯದು? ಅಜ್ಜನ ಪಕ್ಕ ಕೂತು ಲೆಕ್ಕ ಹಾಕಿ. ಉತ್ತರ ಮುಂದಿನ ವಾರ.